ಹೊಳೆ ದಂಡೆಯ ಸೈಕಲ್ ದಾರಿ: ಎಲ್ಲರೂ ಸುರಕ್ಷಿತವಾಗಿ ಓಡಾಡುವಂತೆ ಸ್ವಯಂಸೇವಕರು ಮಾಡಬೇಕಾದ ಕೆಲಸ

ಬೆಳಗ್ಗೆ ಆರೂವರೆಗೆ ಹರಿಹರದ ಹತ್ತಿರ ತುಂಗಭದ್ರೆಯ ದಂಡೆ ಮೇಲೆ ನಿಂತು ನೋಡಿ. ವಾಕಿಂಗ್ ಬಂದವರು, ಎಮ್ಮೆ ಹೊಡೆದುಕೊಂಡು ಹೊರಟವರು, ಬಟ್ಟೆ ಗಂಟು ಹೊತ್ತವರು, ಪಂಪ್‌ಸೆಟ್ ಚಾಲೂ ಮಾಡಲು ಹೋಗುವ ರೈತರು, ಹೆಗಲಿಗೆ ಬಲೆ ಹಾಕಿಕೊಂಡವರು, ದಾವಣಗೆರೆಯಿಂದ 14 ಕಿ.ಮೀ. ತುಳಿದುಕೊಂಡು ಬಂದ ಸೈಕಲ್‌ನವರು, ಎಲ್ಲರಿಗೂ ಇರುವುದು ಅದೊಂದೇ ದಾರಿ. ಈ ಸಾಲಿನಲ್ಲಿ ಕಡೆಗೆ ಸೇರಿಕೊಂಡವರು ಸೈಕಲ್‌ನವರು. ಹಾಗಾಗಿ ಸೈಕಲ್ ಪ್ರೀತಿಯಿಂದ ಈ ಕೆಲಸಕ್ಕೆ ಇಳಿಯುವ ತಂಡ ಮೊದಲೇ ಒಂದು ಮಾತಿಗೆ ಬದ್ಧವಾಗಬೇಕು: ದಾರಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೋಗುವವರಿಗೆ ಮೊದಲ ಹಕ್ಕು. ಎಮ್ಮೆ, ಅಜ್ಜಿ, ಕೈಗಾಡಿ, ಆಮೇಲೆ ಸೈಕಲ್. ಮುಂದೆ ಬರುವ ಅಳತೆ, ಬೋರ್ಡು, ಪಾಳಿ ಎಲ್ಲವೂ ಈ ಮಾತಿನ ಮೇಲೇ ನಿಂತಿವೆ.

ಇಲ್ಲಿ ಹೇಳಿದ್ದು ಹೊನ್ನಾಳಿಯ ದಂಡೆಗೂ ಮಲೇಬೆನ್ನೂರು ಕಡೆಯ ಭದ್ರಾ ಚಾನಲ್ ಏರಿಗೂ ಹೆಚ್ಚೂಕಡಿಮೆ ಹೊಂದುತ್ತದೆ. ಚಾನಲ್‌ಗೆ ಬೇರೆಯಾಗಿ ಗಮನಿಸಬೇಕಾದ ಸಂಗತಿಗಳನ್ನು ಆಯಾ ಕಡೆ ಹೇಳಿದೆ.

ಮೊದಲ ಎರಡು ವಾರ ಎಣಿಸುವುದಷ್ಟೇ ಕೆಲಸ

ಬೋರ್ಡು ಬರೆಸುವ ಆತುರ ಬೇಡ. ಒಂದರಿಂದ ಎರಡು ಕಿ.ಮೀ. ಉದ್ದದ ತುಂಡು ಆರಿಸಿಕೊಳ್ಳಿ. ಎಂಟು ಜನರ ತಂಡಕ್ಕೆ ಅದಕ್ಕಿಂತ ಹೆಚ್ಚು ನಿಭಾಯಿಸಲು ಆಗುವುದಿಲ್ಲ. ಆ ತುಂಡನ್ನು ಮೊದಲು ನಡೆದು ನೋಡಿ, ಆಮೇಲೆ ಸೈಕಲ್‌ನಲ್ಲಿ ಹೋಗಿ ನೋಡಿ. ಪ್ರತಿ 100 ಮೀಟರ್‌ಗೆ ಒಂದು ಕಲ್ಲು ನಿಲ್ಲಿಸಿ, ಸುಣ್ಣ ಬಳಿದು 1, 2, 3 ಎಂದು ನಂಬರ್ ಹಾಕಿ. ಮರಕ್ಕೆ ಮೊಳೆ ಹೊಡೆಯಬೇಡಿ. ಈ ನಂಬರು ಮುಂದೆ ಎಲ್ಲದಕ್ಕೂ ಬೇಕು. ಯಾರಾದರೂ ಬಿದ್ದಾಗ ‘ಆ ದೊಡ್ಡ ಹುಣಸೆ ಮರದ ಹತ್ತಿರ’ ಎಂದರೆ ಊರಿನವರಿಗಷ್ಟೇ ತಿಳಿಯುತ್ತದೆ, ‘7ನೇ ಕಲ್ಲು’ ಎಂದರೆ ತಂಡದವರೆಲ್ಲರಿಗೂ ತಿಳಿಯುತ್ತದೆ.

ಎಣಿಕೆಗೆ ರೂಲ್ಡ್ ನೋಟ್‌ಬುಕ್ ಸಾಕು. ಅಡ್ಡ ಸಾಲಿಗೆ 15 ನಿಮಿಷದಂತೆ ಹೊತ್ತು, ಉದ್ದ ಸಾಲಿಗೆ ನಡೆಯುವವರು, ಸೈಕಲ್, ಬೈಕ್, ದನಕರು, ಗಾಡಿ ಅಥವಾ ಟ್ರ್ಯಾಕ್ಟರ್, ಮಕ್ಕಳು. ವಾರದ ಎರಡು ದಿನ, ಒಂದು ಭಾನುವಾರ, ಒಂದು ಅಮಾವಾಸ್ಯೆ ಎಣಿಸಿ. ಅಮಾವಾಸ್ಯೆ ದಿನ ಹೊಳೆಗೆ ಬರುವ ಜನ ಬೇರೆ, ಅವರು ನಿಲ್ಲುವ ಜಾಗವೂ ಬೇರೆ.

ವೇಗ ಅಳೆಯಲು ಯಂತ್ರ ಬೇಡ. ನೇರ ದಾರಿಯಲ್ಲಿ ಟೇಪ್ ಹಿಡಿದು 20 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಎಳೆಯಿರಿ. ಸೈಕಲ್‌ನ ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ, ಎರಡನೇ ಗೆರೆ ಮುಟ್ಟಿದಾಗ ನಿಲ್ಲಿಸಿ. 3 ಸೆಕೆಂಡ್ ಬಂದರೆ ಗಂಟೆಗೆ 24 ಕಿ.ಮೀ., 4 ಸೆಕೆಂಡ್ ಎಂದರೆ 18, 5 ಸೆಕೆಂಡ್ ಎಂದರೆ ಸುಮಾರು 14, 7 ಸೆಕೆಂಡ್ ಎಂದರೆ 10. ತೆರೆದ ಜಾಗದಲ್ಲಿ 5 ಸೆಕೆಂಡಿಗಿಂತ ಕಡಿಮೆ ಬರಬಾರದು. ಜನ ಇದ್ದ ಕಡೆ 7 ಸೆಕೆಂಡ್ ಬೇಕು.

ಈ ಮಿತಿಗೆ ಕಾರಣ ಇದೆ. ಗಂಟೆಗೆ 20 ಕಿ.ಮೀ. ವೇಗದ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಓಡುತ್ತದೆ. ಎದುರಿಗೆ ಮಗು ಬಂತೆಂದು ಗೊತ್ತಾಗಿ ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು, ಅಷ್ಟರಲ್ಲಿ ಐದೂವರೆ ಮೀಟರ್ ಹೋಯಿತು. ಆಮೇಲೆ ಒಣ ಗಟ್ಟಿ ನೆಲದಲ್ಲಿ ನಿಲ್ಲಲು ಇನ್ನೊಂದು ಐದು ಮೀಟರ್. ಒಟ್ಟು 11 ಮೀಟರ್ ಆಸುಪಾಸು. ಒದ್ದೆ ಗರಸಿನ ಮೇಲೆ ಅದೇ ಸೈಕಲ್ ನಿಲ್ಲಲು 16 ಮೀಟರ್ ಬೇಕಾಗುತ್ತದೆ. ಗಂಟೆಗೆ 10 ಕಿ.ಮೀ.ನಲ್ಲಿ ಬರುತ್ತಿದ್ದರೆ ಒಣ ನೆಲದಲ್ಲಿ ನಾಲ್ಕೇ ಮೀಟರ್. ಹುಡುಗರಿಗೆ ‘ನಿಧಾನ ಹೋಗ್ರಪ್ಪ’ ಎಂದು ನೂರು ಸಲ ಹೇಳುವ ಬದಲು ಈ 11 ಮೀಟರನ್ನೂ ನಾಲ್ಕು ಮೀಟರನ್ನೂ ನೆಲದ ಮೇಲೆ ಅಳೆದು ತೋರಿಸಿ. ಕಣ್ಣಾರೆ ಕಂಡಿದ್ದು ಬೇಗ ಮನಸ್ಸಿಗೆ ಹತ್ತುತ್ತದೆ.

ಒಪ್ಪಿಗೆ

ದಂಡೆ ಯಾರ ಸ್ವತ್ತು ಎಂದು ತಿಳಿಯದೆ ಗುದ್ದಲಿ ಹಾಕಬೇಡಿ. ಊರೊಳಗಿನ ಭಾಗಕ್ಕೆ ನಗರಸಭೆ, ಹೊರಗೆ ಗ್ರಾಮ ಪಂಚಾಯ್ತಿ ಮತ್ತು ತಾಲ್ಲೂಕು ಕಚೇರಿ, ಚಾನಲ್ ಏರಿಗೆ ನೀರಾವರಿ ನಿಗಮದ ಎಂಜಿನಿಯರ್ ಕಚೇರಿ. ಗಿಡ ಸವರುವುದಿದ್ದರೆ ಅರಣ್ಯ ಇಲಾಖೆಗೂ ಒಂದು ಪತ್ರ ಕೊಡಿ. ಅರ್ಜಿಯಲ್ಲಿ ‘ಸೈಕಲ್ ಟ್ರ್ಯಾಕ್ ಮಾಡುತ್ತೇವೆ’ ಎಂದು ಬರೆಯಬೇಡಿ, ರೈತರು ದಾರಿ ಹೋಯಿತೆಂದು ಗಾಬರಿಯಾಗುತ್ತಾರೆ. ‘ಈಗಿರುವ ದಾರಿಯನ್ನು ಸ್ವಚ್ಛ ಮಾಡಿ, ಸೂಚನಾ ಫಲಕ ಹಾಕುತ್ತೇವೆ’ ಎಂದು ಇದ್ದದ್ದನ್ನೇ ಬರೆಯಿರಿ. ಸೀಲು ಹಾಕಿಸಿಕೊಂಡ ಪ್ರತಿ ತಂಡದ ಬ್ಯಾಗಿನಲ್ಲಿ ಇರಲಿ.

ಕಚೇರಿಗಿಂತ ಮುಂಚೆ ಮಾತಾಡಿಸಬೇಕಾದವರು ದಂಡೆಗೆ ಹೊಂದಿಕೊಂಡ ಹೊಲದವರು. ಅವರ ಪೈಪು, ವೈರು, ಟ್ರ್ಯಾಕ್ಟರ್ ದಾರಿ, ಕಟಾವಿನ ಕಾಲ ಎಲ್ಲ ಕೇಳಿ ಬರೆದುಕೊಳ್ಳಿ.

ದಾರಿ ರಿಪೇರಿ: ಹೆಚ್ಚಿನ ಅಪಘಾತ ತಪ್ಪುವುದು ಇಲ್ಲೇ

ಬುದ್ಧಿಮಾತಿನಿಂದ ತಪ್ಪುವುದಕ್ಕಿಂತ ಹೆಚ್ಚು ಅಪಘಾತಗಳು ಕುಡುಗೋಲು, ಸಲಿಕೆಯಿಂದ ತಪ್ಪುತ್ತವೆ. ಅದಕ್ಕೇ ತಂಡದ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೆ ಹೋಗಲಿ.

ತಿರುವುಗಳಿಂದ ಶುರು ಮಾಡಿ. ತಿರುವಿನ ಒಳಬದಿಯ ಬಳ್ಳಾರಿ ಜಾಲಿ ಎದುರಿನವರನ್ನು ಮರೆ ಮಾಡುತ್ತದೆ. ದಾರಿಯ ಎರಡೂ ಅಂಚಿಗೆ ಒಂದು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದವರೆಗೆ ಸವರಿ. ತಿರುವಿನಲ್ಲಿ 20 ಮೀಟರ್ ದೂರದ ಮನುಷ್ಯ ಸೊಂಟದಿಂದ ಮೇಲೆ ಕಾಣುವ ತನಕ ಬಿಡಬೇಡಿ. ಜಾಲಿಯನ್ನು ಬುಡಕ್ಕೆ ಕಡಿದು ಬಿಟ್ಟರೆ ಮಳೆಗಾಲದ ಹೊತ್ತಿಗೆ ಒಂದಕ್ಕೆ ಹತ್ತು ಚಿಗುರು ಬರುತ್ತದೆ. ದಾರಿಗೆ ಹತ್ತಿರ ಇರುವುದನ್ನು ಬುಡ ಸಮೇತ ಅಗೆದು ತೆಗೆಯಬೇಕು. ಆದರೆ ದಂಡೆಯ ಇಳಿಜಾರಿನಲ್ಲಿ ಇರುವುದನ್ನು ಬರೀ ಸವರಿ, ಅಗೆಯಬೇಡಿ, ಅದರ ಬೇರೇ ಅಲ್ಲಿ ಮಣ್ಣು ಹಿಡಿದಿರುತ್ತದೆ. ಕಡಿದ ಕೊಂಬೆಯನ್ನು ಎಳೆದು ಹಾಕಿದ ಮೇಲೆ ನೆಲವನ್ನು ಕಡ್ಡಿ ಪೊರಕೆಯಿಂದ ಎರಡು ಸಲ ಗುಡಿಸಿ. ಬೆರಳುದ್ದದ ಒಂದು ಮುಳ್ಳು ಉಳಿದರೂ ಮರುದಿನ ನಾಲ್ಕು ಟ್ಯೂಬ್ ಪಂಕ್ಚರ್ ಆಗುತ್ತವೆ, ಬರಿಗಾಲಲ್ಲಿ ಬರುವವರ ಕಾಲಿಗೂ ಚುಚ್ಚುತ್ತದೆ.

ಇನ್ನೊಂದು ನೆಗ್ಗಿಲು ಮುಳ್ಳು. ಮರಳು ನೆಲದ ಅಂಚಿನಲ್ಲಿ ಹಳದಿ ಹೂ ಬಿಟ್ಟು ನೆಲಕ್ಕೆ ಅಂಟಿ ಹಬ್ಬುವ ಬಳ್ಳಿ. ಅದರ ಕಾಯಿ ಒಣಗಿ ಐದು ಹೋಳಾಗಿ ಒಡೆಯುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಮುಖ ಮಾಡಿರುತ್ತದೆ. ಅಂಗೈ ಮೇಲಿಟ್ಟು ನೋಡಿದರೆ ಕೋಡು ಮೂಡಿದ ಸಣ್ಣ ತಲೆಯಂತೆ ಕಾಣುತ್ತದೆ. ಹೂ ಇದ್ದಾಗಲೇ ನಡುವಿನ ಬೇರು ಹಿಡಿದು ಕಿತ್ತರೆ ಇಡೀ ಬಳ್ಳಿ ಚಾಪೆಯಂತೆ ಎದ್ದು ಬರುತ್ತದೆ. ಕಾಯಿ ಒಣಗಿದ ಮೇಲೆ ಎಳೆದರೆ ನೀವೇ ಬಿತ್ತಿದಂತಾಗುತ್ತದೆ. ಅಂಥದ್ದನ್ನು ಗೋಣಿಚೀಲಕ್ಕೆ ತುಂಬಿಯೇ ಸಾಗಿಸಿ. ಕಾಂಗ್ರೆಸ್ ಗಿಡವನ್ನೂ ಹೂ ಬಿಡುವ ಮುಂಚೆ, ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೀಳಬೇಕು.

ಎರೆ ನೆಲ ಇರುವ ಕಡೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕು ದಾರಿಯ ಉದ್ದಕ್ಕೆ ಹೋಗಿದ್ದರೆ ಸಣ್ಣ ಟೈರು ಅದರೊಳಗೆ ಸಿಕ್ಕಿ ಸವಾರ ಮುಂದಕ್ಕೆ ಬೀಳುತ್ತಾನೆ. ಅಂಥ ಜಾಗಕ್ಕೆ ಗರಸು ಹಾಕಿ. ಎರಡು ಮೀಟರ್ ಅಗಲ, 10 ಮೀಟರ್ ಉದ್ದಕ್ಕೆ ಬಡಿದ ಮೇಲೆ 10 ಸೆಂ.ಮೀ. ದಪ್ಪ ನಿಲ್ಲಬೇಕೆಂದರೆ ಸುಮಾರು ಒಂದು ಟ್ರ್ಯಾಕ್ಟರ್ ಲೋಡ್ ಗರಸು ಹಿಡಿಯುತ್ತದೆ. ಒಂದೇ ಸಲ ಸುರಿಯದೆ ಎರಡು ಪದರದಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಮಾಡಿ. ಮೇಲ್ಮೈ ಹೊಳೆ ಕಡೆಗೆ ವಾಲಬಾರದು. ಮಳೆ ನೀರು ದಂಡೆಯ ಅಂಚಿನಿಂದ ಇಳಿದರೆ ಅಂಚೇ ಕೊಚ್ಚಿ ಹೋಗುತ್ತದೆ. ಎರಡು ಮೀಟರ್ ಅಗಲಕ್ಕೆ ಏಳೆಂಟು ಸೆಂ.ಮೀ. ಇಳುಕಲು ಹೊಲದ ಬದಿಯ ಕಾಲುವೆಗೆ ಇರಲಿ.

ಪೈಪುಗಳ ವಿಷಯ. ಹೊಳೆಯಿಂದ ನೀರೆತ್ತುವ ಪಿವಿಸಿ ಪೈಪ್ ದಾರಿಗೆ ಅಡ್ಡ ಬಿದ್ದಿರುತ್ತದೆ. ರೈತರ ಜೊತೆ ಸೇರಿ ಒಂದೂವರೆ ಅಡಿ ಆಳದ ಚರಂಡಿ ತೋಡಿ, ಪೈಪನ್ನು ಅದರಲ್ಲಿ ಇಳಿಸಿ ಮಣ್ಣು ಮುಚ್ಚಿದರೆ ಟ್ರ್ಯಾಕ್ಟರ್ ಹತ್ತಿ ಪೈಪ್ ಒಡೆಯುವುದೂ ತಪ್ಪುತ್ತದೆ. ಇದರ ಲಾಭ ರೈತರಿಗೇ ಹೆಚ್ಚು, ಹಾಗಾಗಿ ಬೇಗ ಒಪ್ಪುತ್ತಾರೆ. ಹೂಳಲಾಗದ ಕಡೆ ಎರಡೂ ಬದಿಗೆ ಗರಸಿನ ಏರು ಮಾಡಿ. ನಾಲ್ಕು ಇಂಚಿನ ಪೈಪಿಗೆ ಪ್ರತಿ ಬದಿ ನಾಲ್ಕು ಅಡಿ ಉದ್ದದ ಏರು ಬೇಕು, ಅದಕ್ಕಿಂತ ಕಡಿದಾದರೆ ಕೈಗಾಡಿ ಹತ್ತುವುದಿಲ್ಲ. ಪಂಪಿನ ವಿದ್ಯುತ್ ವೈರು ನೆಲದ ಮೇಲೆ ಬಿದ್ದಿದ್ದರೆ ಅದನ್ನು ಯಾರೂ ಕೋಲಿನಿಂದಲೂ ಸರಿಸಬಾರದು. ಎರಡೂ ಕಡೆ ಜನರನ್ನು ತಡೆದು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಕಟಾವಿನ ದಿನಗಳಲ್ಲಿ ಮೆಕ್ಕೆಜೋಳ, ಭತ್ತ ದಾರಿ ಮೇಲೆ ಹರಡುವುದು ನಮ್ಮ ಕಡೆ ಇದ್ದದ್ದೇ. ಒಣಗಿದ ಮೆಕ್ಕೆಜೋಳದ ಕಾಳು ಟೈರಿನ ಕೆಳಗೆ ಗೋಲಿಯಂತೆ ಉರುಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹರಡಬೇಡಿ ಎಂದು ಜಗಳಕ್ಕೆ ಹೋಗಬೇಡಿ, ವರ್ಷದ ಬೆಳೆ ಅದು. ಒಂದು ಬದಿ ಒಂದೂವರೆ ಮೀಟರ್ ಬಿಟ್ಟು ಹರಡಲು ಕೇಳಿಕೊಳ್ಳಿ, ಅಷ್ಟೂ ಉದ್ದಕ್ಕೆ ಸೈಕಲ್‌ನವರು ಇಳಿದು ತಳ್ಳಿಕೊಂಡು ಹೋಗಲಿ. ಕಾಳಿಗಿಂತ ಅಪಾಯ ತಾಡಪಾಲಿನ ಮೇಲೆ ಹೇರಿದ ಕಲ್ಲುಗಳದ್ದು. ಫಸಲು ತುಂಬಿಕೊಂಡು ಹೋದ ಮೇಲೂ ಕಲ್ಲು ದಾರಿಯಲ್ಲೇ ಉಳಿಯುತ್ತವೆ, ಮುಸ್ಸಂಜೆಯಲ್ಲಿ ಕಾಣುವುದಿಲ್ಲ. ಸಂಜೆ ಪಾಳಿಯವರ ಮೊದಲ ಕೆಲಸ ಆ ಕಲ್ಲು ಎತ್ತಿ ಬದಿಗಿಡುವುದು.

ಬೋರ್ಡು ಕಡಿಮೆ ಇರಲಿ, ಅಕ್ಷರ ದೊಡ್ಡದಿರಲಿ

ಎರಡು ಕಿ.ಮೀ.ಗೆ ಆರು ಬೋರ್ಡು ಸಾಕು: ಎರಡು ತುದಿಗೆ ಎರಡು, ಸ್ನಾನಘಟ್ಟದ ಎರಡೂ ಕಡೆ, ದನ ನೀರಿಗಿಳಿಯುವ ಜಾಗಕ್ಕೆ ಒಂದು, ಕೆಟ್ಟ ತಿರುವಿಗೆ ಒಂದು. ಅಕ್ಷರದ ಎತ್ತರ ಮೂರು ಇಂಚಿಗೆ ಕಡಿಮೆ ಬೇಡ. ಕನ್ನಡದ ಒತ್ತಕ್ಷರ ಸಣ್ಣದಾದರೆ ದೂರದಿಂದ ಮಸಿ ಮೆತ್ತಿದಂತೆ ಕಾಣುತ್ತದೆ, ಹಾಗಾಗಿ ಒತ್ತು ಕಡಿಮೆ ಇರುವ ಪದಗಳನ್ನೇ ಆರಿಸಿ. ‘ಎಚ್ಚರಿಕೆ’ಗಿಂತ ‘ನಿಧಾನ’ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಹಳದಿ ಹಿನ್ನೆಲೆಗೆ ಕಪ್ಪು ಎನಾಮೆಲ್ ಬಣ್ಣ, ತಗಡಿಗೆ ಮೊದಲು ರೆಡ್ ಆಕ್ಸೈಡ್. ಒಂದು ಬೋರ್ಡಿಗೆ ಒಂದೇ ಮಾತು: ‘ದನ ದಾಟುವ ಜಾಗ. ನಿಧಾನ.’ ಅಥವಾ ‘ಇಲ್ಲಿಂದ ಸೈಕಲ್ ಇಳಿದು ನಡೆಯಿರಿ.’ ಹತ್ತು ನಿಯಮ ಬರೆದ ಫ್ಲೆಕ್ಸನ್ನು ನಿಂತು ಓದುವವರು ಯಾರೂ ಇಲ್ಲ, ಗಾಳಿಗೆ ಹರಿದು ಹೊಳೆ ಸೇರುವುದಷ್ಟೇ.

ಪಾಳಿ, ಜೋಡಿ, ಮಾತು

ಪಾಳಿಗೆ ಯಾವಾಗಲೂ ಇಬ್ಬರು. ಸಾಧ್ಯವಾದಷ್ಟು ಒಬ್ಬರು ಹೆಣ್ಣುಮಕ್ಕಳು ಇರಲಿ. ಹೆಂಗಸರು ಬಟ್ಟೆ ಒಗೆಯುವ, ಸ್ನಾನ ಮಾಡುವ ಘಟ್ಟದ ಹತ್ತಿರ ಗಂಡಸರಷ್ಟೇ ನಿಂತಿದ್ದರೆ ಅವರಿಗೆ ಕಿರಿಕಿರಿ. ಅಲ್ಲಿ ಫೋಟೋ, ವಿಡಿಯೊ ಪೂರ್ತಿ ಬಂದ್. ಒಂದು ಪಾಳಿ ಎರಡು ಗಂಟೆ ಮೀರಬಾರದು. ಜನವರಿಯಲ್ಲಿ ಬೆಳಕು ಹರಿಯುವುದು ಏಳರ ಹತ್ತಿರ, ಜೂನ್‌ನಲ್ಲಿ ಆರಕ್ಕೇ. ಗಡಿಯಾರ ನೋಡಿ ಪಾಳಿ ಕಟ್ಟದೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಎಂದು ಕಟ್ಟಿ, ಕತ್ತಲು ಬೆಳಕಿನ ನಡುವಿನ ಆ ಅರ್ಧ ಗಂಟೆಯೇ ಕೆಟ್ಟದ್ದು. ಮೈಮೇಲೆ ರಿಫ್ಲೆಕ್ಟರ್ ಜಾಕೆಟ್, ಕೊರಳಲ್ಲಿ ಸೀಟಿ, ಬ್ಯಾಗಿನಲ್ಲಿ ಪ್ರಥಮ ಚಿಕಿತ್ಸೆ ಡಬ್ಬಿ, ಟಾರ್ಚ್, ನೀರು, ನೋಟ್‌ಬುಕ್.

ಸ್ವಯಂಸೇವಕರಿಗೆ ಪೊಲೀಸ್ ಅಧಿಕಾರ ಇಲ್ಲ. ಬೈಕಿನ ಕೀ ಕಿತ್ತುಕೊಳ್ಳುವುದು, ದಂಡ ಕೇಳುವುದು, ಮುಖದ ಫೋಟೋ ವಾಟ್ಸಾಪಿಗೆ ಹಾಕುವುದು, ಇವು ಒಂದು ಸಲ ನಡೆದರೂ ಊರು ತಂಡದ ವಿರುದ್ಧ ತಿರುಗುತ್ತದೆ. ಮೊದಲ ಸಭೆಯಲ್ಲೇ ಇದನ್ನು ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ.

ಮಾತು ಹೇಗಿರಬೇಕೆಂಬುದನ್ನು ಅಭ್ಯಾಸ ಮಾಡಿಸಿ. ಹಿಂದಿನಿಂದ ಬರುವ ಸೈಕಲ್‌ನವರು 20-25 ಮೀಟರ್ ದೂರದಲ್ಲೇ ಒಂದು ಸಲ ಬೆಲ್ ಮಾಡಬೇಕು. ಬೆನ್ನ ಹಿಂದೆ ಬಂದು ಬೆಲ್ ಹೊಡೆದರೆ ಮುಂದಿನವರು ಬೆಚ್ಚಿ ಎತ್ತ ಬೇಕಾದರೂ ಹಾರುತ್ತಾರೆ. ‘ಬಲಕ್ಕೆ ಬರ್ತಿದೀನಿ’ ಎಂದು ಕೂಗುವುದು ತಪ್ಪು: ಕೇಳಿಸಿಕೊಂಡವರ ಕಿವಿಗೆ ಬೀಳುವುದು ‘ಬಲಕ್ಕೆ’ ಎಂಬುದೊಂದೇ, ಅವರೂ ಬಲಕ್ಕೇ ಸರಿಯುತ್ತಾರೆ. ‘ಅಣ್ಣಾ, ಅಲ್ಲೇ ಇರ್ರಿ, ಸೈಕಲ್ ಐತಿ’ ಎಂದರೆ ಅವರು ಇದ್ದಲ್ಲೇ ಇರುತ್ತಾರೆ, ನೀವು ಸುತ್ತಿಕೊಂಡು ಹೋಗಬಹುದು. ಹಿರಿಯರಿಗೆ ‘ಅಜ್ಜಾ’, ‘ಅವ್ವಾ’ ಎಂದು ಕೂಗಿದರೆ ತಿರುಗಿ ನೋಡುತ್ತಾರೆ. ‘ಹಲೋ’ ಎಂದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಬೆಲ್ಲೂ ಇಲ್ಲ, ಕೂಗೂ ಇಲ್ಲ. ಅಲ್ಲಿ ಸೈಕಲ್‌ನವರೇ ನಡಿಗೆಯ ವೇಗಕ್ಕೆ ಇಳಿಯಬೇಕು.

ವಾಕಿಂಗ್‌ನವರಿಗೆ ಹೇಳಬೇಕಾದ್ದು ಎರಡೇ: ಮೂವರು ನಾಲ್ವರು ಅಡ್ಡಲಾಗಿ ನಡೆಯಬೇಡಿ, ಮಾತಾಡಲು ನಿಂತರೆ ದಾರಿ ಬಿಟ್ಟು ನಿಲ್ಲಿ. ಎರಡು ಮೀಟರ್ ದಾರಿಯಲ್ಲಿ ಸೈಕಲ್‌ಗೆ ಒಂದು ಮೀಟರ್ ಬೇಕು, ಇಬ್ಬರು ಅಕ್ಕಪಕ್ಕ ನಡೆದರೆ ಉಳಿದ ಒಂದು ಮೀಟರ್ ಮುಗಿಯಿತು. ಇದನ್ನು ‘ಯಜಮಾನ್ರೇ, ಸ್ವಲ್ಪ ಒಂದೇ ಸಾಲಿಗೆ ಬರ್ರಿ’ ಎಂದು ನಗುತ್ತಲೇ ಹೇಳಬಹುದು.

ಬೆಲ್ ಇಲ್ಲದ ಸೈಕಲ್‌ಗಳೇ ಹೆಚ್ಚು ಕಂಡರೆ ಒಂದು ಭಾನುವಾರ ಬೆಲ್ ಕೂರಿಸುವ ಕೆಲಸ ಇಟ್ಟುಕೊಳ್ಳಿ. ಒಂದು ಸ್ಕ್ರೂಡ್ರೈವರ್, ಒಂದು ಡಬ್ಬಿ ಬೆಲ್ಲು, ಹಳೇ ಟ್ಯೂಬಿನ ಚೂರುಗಳು ಸಾಕು. ಗೇರ್ ಸೈಕಲ್‌ನ ಹ್ಯಾಂಡಲ್ ನಡುವೆ ದಪ್ಪ ಇರುತ್ತದೆ, ಸಾದಾ ಬೆಲ್ಲಿನ ಪಟ್ಟಿ ಅಲ್ಲಿ ಹಿಡಿಯುವುದಿಲ್ಲ. ಹಿಡಿಕೆಯ ಪಕ್ಕದಲ್ಲಿ ಸುಮಾರು 22 ಮಿ.ಮೀ. ಇರುವ ಕಡೆ, ಕೆಳಗೆ ಟ್ಯೂಬಿನ ಚೂರು ಸುತ್ತಿ ಬಿಗಿಯಿರಿ. ಅದೇ ಹೊತ್ತಿಗೆ ಬ್ರೇಕನ್ನೂ ನೋಡಿಬಿಡಿ: ಲಿವರ್ ಪೂರ್ತಿ ಒತ್ತಿದಾಗ ಹ್ಯಾಂಡಲ್‌ಗೆ ತಾಗಿದರೆ ಬ್ರೇಕ್ ಸಡಿಲವಾಗಿದೆ ಎಂದರ್ಥ, ಎರಡು ಬೆರಳು ಸಂದು ಉಳಿಯಬೇಕು. ಸೀಟು ಎಟುಕದೆ ಒಳಗಾಲು ಹಾಕಿ ತುಳಿಯುವ ಮಕ್ಕಳನ್ನು ದಂಡೆಯ ಅಂಚಿನ ಕಡೆ ಬಿಡಬೇಡಿ, ಹೊಲದ ಬದಿ ಕಲಿಯಲಿ.

ದನ, ಕುರಿ, ನಾಯಿ, ಹಾವು

ಎಮ್ಮೆ ಹಿಂಡು ಕಂಡರೆ ಇಳಿದು ನಿಲ್ಲುವುದೇ ನಿಯಮ. ನಿಲ್ಲುವುದು ಹೊಲದ ಬದಿಗೆ, ನೀರಿನ ಬದಿಗೆ ನಿಂತರೆ ಎಮ್ಮೆಗಳು ನೀರಿಗೆ ತಿರುಗಿದಾಗ ದಾರಿಯಲ್ಲಿ ನೀವೇ ಇರುತ್ತೀರಿ. ಬೆನ್ನ ಹಿಂದೆ ಬೆಲ್ ಬೇಡ. ಕುರಿ ಹಿಂಡನ್ನು ನಡುವೆ ಸೀಳಿಕೊಂಡು ಹೋಗಬಾರದು, ಮರಿ ಒಂದು ಕಡೆ ತಾಯಿ ಒಂದು ಕಡೆ ಆದರೆ ಕುರಿಗಾಹಿಯ ನಾಯಿ ನಿಮ್ಮ ಮೇಲೆ ಬರುತ್ತದೆ. ಹಿಂಡು ಪೂರ್ತಿ ದಾಟಲಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯದೆ ಇಳಿದು, ಸೈಕಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಸುಣ್ಣ, ಅರಿಶಿನ, ಖಾರದಪುಡಿ ಏನನ್ನೂ ಮೆತ್ತಬಾರದು. ಗದ್ದೆ ಬದಿಯಲ್ಲಿ ಕೊಳಕುಮಂಡಲ ಇರುತ್ತದೆ. ಹಾವು ಕಚ್ಚಿದವರನ್ನು ನಡೆಸಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲನ್ನು ಕೋಲು ಕಟ್ಟಿ ಅಲುಗದಂತೆ ಮಾಡಿ 108ಕ್ಕೆ ಫೋನ್ ಮಾಡಿ.

ಆಂಬುಲೆನ್ಸ್ ದಂಡೆ ದಾರಿಗೆ ಇಳಿಯುವುದಿಲ್ಲ. ಯಾವ ಕಲ್ಲಿನಿಂದ ಯಾವ ರಸ್ತೆ ಹತ್ತಿರ, ಅಲ್ಲಿಗೆ ಮನುಷ್ಯರನ್ನು ಹೊತ್ತು ತರಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಮೊದಲೇ ನಡೆದು ನೋಡಿ ಪಟ್ಟಿ ಮಾಡಿ. ಫೋನ್ ಮಾಡಿದಾಗ ಹೇಳಬೇಕಾದ್ದು ಆ ರಸ್ತೆಯ ಗುರುತು. ಒಬ್ಬರು ಗಾಯಾಳುವಿನ ಹತ್ತಿರ ಇರಲಿ, ಇನ್ನೊಬ್ಬರು ರಸ್ತೆಗೆ ಹೋಗಿ ನಿಲ್ಲಲಿ.

ಬೈಕ್ ತಡೆಯುವುದು

ದೊಡ್ಡ ದೂರು ಬರುವುದು ಬೈಕಿನ ಮೇಲೆಯೇ. ದಾರಿಗೆ ಹಗ್ಗ, ತಂತಿ ಅಡ್ಡ ಕಟ್ಟುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಯಾವ ಕಾರಣಕ್ಕೂ ಒಪ್ಪಬೇಡಿ, ಮಂದ ಬೆಳಕಿನಲ್ಲಿ ಅದು ಕೊರಳಿಗೆ ಬೀಳುತ್ತದೆ. ಮಣ್ಣಿನ ಗುಡ್ಡೆಯೂ ಬೇಡ, ಬೈಕ್ ಹಾರಿಸಲು ಹುಡುಗರಿಗೆ ಅದೇ ಆಟವಾಗುತ್ತದೆ. ತುದಿಗಳಲ್ಲಿ 1.2 ಮೀಟರ್ ಸಂದು ಬಿಟ್ಟು ಕಂಬ ನಿಲ್ಲಿಸಿದರೆ ಟ್ರ್ಯಾಕ್ಟರ್, ಕಾರು ನಿಲ್ಲುತ್ತವೆ, ಗಾಲಿಕುರ್ಚಿ ದಾಟುತ್ತದೆ. ಬೈಕ್ ಮಾತ್ರ ನುಸುಳುತ್ತದೆ, ಅದನ್ನು ತಡೆಯುವ ಸಂದು ಮಾಡಿದರೆ ಸೈಕಲ್ಲೂ ಕೈಗಾಡಿಯೂ ನಿಲ್ಲುತ್ತವೆ. ನಡುಗಂಬ ತೆಗೆದಿಡುವಂತಿರಲಿ, ಬೀಗದ ಕೀ ಪಕ್ಕದ ಹೊಲದವರ ಹತ್ತಿರ ಇರಲಿ. ಕಂಬಕ್ಕೆ ಬಿಳಿ ಬಣ್ಣ, ಮೇಲೆ ಒಂದು ರಿಫ್ಲೆಕ್ಟರ್ ಪಟ್ಟಿ. ತಿರುವಿನಿಂದ ಕನಿಷ್ಠ 20 ಮೀಟರ್ ದೂರ ಇಡಿ. ಹೊಲಕ್ಕೆ ಹೋಗುವ ರೈತರ ಬೈಕಿಗೂ ಶೋಕಿಗೆ ಬರುವ ಬೈಕಿಗೂ ವ್ಯತ್ಯಾಸ ಇದೆ. ರೈತರಿಗೆ ದಾರಿ ಬೇಕೇ ಬೇಕು, ಅವರು ನಿಧಾನ ಬಂದರೆ ಸಾಕು. ಉಳಿದವರ ವಿಷಯ ಹೊತ್ತು, ಕಲ್ಲಿನ ನಂಬರ್ ಸಮೇತ ಬರೆದು ಠಾಣೆಗೆ ಕೊಡಿ, ಗಲಾಟೆಯಾದರೆ 112.

ನೀರು

ಮರಳು ತೆಗೆದ ಕಡೆ ಹೊಳೆಯಲ್ಲಿ ಗುಂಡಿಗಳಿವೆ. ಮೊಣಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುವಷ್ಟು ಆಳ ಇರಬಹುದು. ಚಾನಲ್‌ನಲ್ಲಿ ಬೇರೆ ಅಪಾಯ: ಸಿಮೆಂಟ್ ಇಳಿಜಾರು ಪಾಚಿಗಟ್ಟಿರುತ್ತದೆ, ಈಜು ಬಂದವರಿಗೂ ಹತ್ತಿ ಬರಲು ಆಗುವುದಿಲ್ಲ. ಯಾರೂ ನೀರಿಗೆ ಹಾರಿ ಕಾಪಾಡಲು ಹೋಗಬಾರದು.

ಅದಕ್ಕೆ ಎಸೆಯುವ ಕ್ಯಾನ್ ತಯಾರು ಮಾಡಿ. ಐದು ಲೀಟರ್‌ನ ಖಾಲಿ ಎಣ್ಣೆ ಕ್ಯಾನ್ ತೊಳೆದು, ಕಾಲು ಭಾಗ ನೀರು ತುಂಬಿ ಮುಚ್ಚಳ ಬಿಗಿಯಿರಿ. ಪೂರ್ತಿ ಖಾಲಿ ಇದ್ದರೆ ಗಾಳಿಗೆ ತೇಲಿ ದೂರ ಹೋಗುವುದಿಲ್ಲ. ಹಿಡಿಕೆಗೆ 20 ಮೀಟರ್ ಉದ್ದದ, ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣದಾದ, ನೀರಲ್ಲಿ ತೇಲುವ ಪ್ಲಾಸ್ಟಿಕ್ ಹಗ್ಗ ಕಟ್ಟಿ. ಎಸೆಯುವಾಗ ಮುಳುಗುತ್ತಿರುವವರ ತಲೆಯ ಮೇಲಿಂದ ಆಚೆ ಬೀಳಬೇಕು, ಆಗ ಹಗ್ಗ ಮೈಮೇಲೆ ಬಂದು ಕೈಗೆ ಸಿಗುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಕೂತು, ಹಿಮ್ಮಡಿ ಊರಿ ಎಳೆಯಿರಿ. ಪ್ರತಿ ಘಟ್ಟಕ್ಕೆ, ಪ್ರತಿ ಚಾನಲ್ ಸೇತುವೆಗೆ ಒಂದು ಕ್ಯಾನ್. ತಿಂಗಳಿಗೊಮ್ಮೆ ಎಲ್ಲರೂ ಎಸೆದು ಅಭ್ಯಾಸ ಮಾಡಿ. ಬಿಸಿಲಿಗೆ ಹಗ್ಗ ಪುಡಿಪುಡಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

ಒಣ ಹೊಳೆಯನ್ನು ನಂಬಿ ಪಾತ್ರದೊಳಗೆ ದಾರಿ ಮಾಡುವುದು ಬೇಡ. ಹಿರಿಯೂರಿನ ವೇದಾವತಿಯನ್ನು ನೋಡಿ: ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ಪಾತ್ರಕ್ಕೂ ನೀರು ಬಂತು.

ತುಂಗಭದ್ರೆಯ ದಂಡೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ದಾರಿ ಮುಚ್ಚುವ ದಿನ ಬಂದೇ ಬರುತ್ತದೆ. ತುಂಗಾ, ಭದ್ರಾ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಬಂದ ದಿನವೇ ತಯಾರಾಗಿ. ದಾರಿಯ ತಗ್ಗಿನ ಜಾಗದಿಂದ ಒಂದು ಮೀಟರ್ ಕೆಳಗೆ ಒಂದು ಕಲ್ಲಿಗೆ ಕೆಂಪು ಗೆರೆ ಹಾಕಿಡಿ. ನೀರು ಆ ಗೆರೆ ಮುಟ್ಟಿದರೆ ಚರ್ಚೆಯಿಲ್ಲದೆ ಎರಡೂ ತುದಿಯ ಕಂಬಕ್ಕೆ ಅಡ್ಡಪಟ್ಟಿ ಹಾಕಿ, ಕೆಂಪು ಬಟ್ಟೆ ಕಟ್ಟಿ, ಒಬ್ಬೊಬ್ಬರು ನಿಲ್ಲಿ. ಸೆಲ್ಫಿಗೆ ಬರುವವರು ಹೆಚ್ಚಾಗುವುದು ಆ ಹೊತ್ತಿಗೇ.

ನೀರು ಇಳಿದ ತಕ್ಷಣ ತೆರೆಯಬಾರದು. ಹೊಳೆ ಬಿಟ್ಟು ಹೋದ ತೆಳು ಕೆಸರು ನೋಡಲು ನಯವಾಗಿ, ತುಳಿದರೆ ಸೋಪಿನಂತೆ ಇರುತ್ತದೆ. ಅದು ಒಣಗಿ ಸಿಪ್ಪೆ ಏಳುವ ತನಕ ಕಾಯಿರಿ, ಆಮೇಲೆ ಸಲಿಕೆಯಿಂದ ಕೆರೆದು ತೆಗೆಯಿರಿ. ಅಂಚಿನ ಕೆಳಗೆ ನೀರು ಮಣ್ಣು ತಿಂದು ಪೊಳ್ಳಾಗಿರಬಹುದು. ಮೇಲಿನಿಂದ ಅದು ಕಾಣುವುದಿಲ್ಲ. ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಬ್ಬರು ಹಿಂದೆ ಹಿಡಿದುಕೊಂಡು, ಅಂಚಿನಿಂದ ಒಂದೂವರೆ ಮೀಟರ್ ಒಳಗೆ ನಿಂತು ಉದ್ದನೆಯ ಹಾರೆಯಿಂದ ಮುಂದಕ್ಕೆ ಕುಟ್ಟುತ್ತಾ ಹೋಗಿ. ಗಟ್ಟಿ ನೆಲ ‘ಠಣ್’ ಎಂದು ಹಾರೆಯನ್ನು ಹಿಂದಕ್ಕೆ ಎಸೆಯುತ್ತದೆ, ಪೊಳ್ಳು ನೆಲ ‘ಧಬ್’ ಎಂದು ನುಂಗುತ್ತದೆ. ‘ಧಬ್’ ಎಂದ ಕಡೆಯೆಲ್ಲ ಸುಣ್ಣದ ಗೆರೆ ಹಾಕಿ, ದಾರಿಯನ್ನು ಎರಡು ಮೀಟರ್ ಹೊಲದ ಕಡೆ ಸರಿಸಲು ಆ ಹೊಲದವರನ್ನು ಕೇಳಿ. ಅವರು ಒಪ್ಪಿದ ಮೇಲೆ ಕಲ್ಲುಗಳನ್ನು ಹೊಸ ಅಂಚಿಗೆ ಸರಿಸಿಟ್ಟು, ಬೆಳಗಿನ ಪಾಳಿ ಬಂದ ನಂತರ ಅಡ್ಡಪಟ್ಟಿ ತೆಗೆಯಿರಿ.